ಕೌಂಟರಿನಲ್ಲಿ ಸಿಗದ ಮದ್ದು

ಸಂಘದ ವಾರ್ಷಿಕ ಸಂಚಿಕೆಗೆ ಆರೋಗ್ಯದ ಲೇಖನ ಬೇಕು ಎಂದಾಗ, ಆಸ್ಪತ್ರೆಯ ಫಾರ್ಮಸಿಯಲ್ಲಿ ಕೆಲಸ ಮಾಡುವ ನಮ್ಮಂಥವರು ಸಕ್ಕರೆ ಕಾಯಿಲೆ, ಬಿ.ಪಿ., ಕೊಲೆಸ್ಟ್ರಾಲ್ ಬಗ್ಗೆ ಬರೆಯುವುದು ವಾಡಿಕೆ. ಅವೆಲ್ಲ ಬೇಕಾದ ವಿಷಯಗಳೇ. ಆದರೆ ಈ ಸಲ, ನಾಲ್ಕು ಜನ ಕೂತಲ್ಲಿ ಯಾರೂ ಬಾಯಿ ಬಿಡದ ಒಂದು ಸಂಗತಿಯನ್ನು ಎತ್ತಿಕೊಂಡಿದ್ದೇವೆ. ಪ್ರಾಸ್ಟೇಟ್ ಆಪರೇಷನ್ ಆದ ಮೇಲೆ ಗಂಡಸರಿಗೆ ಆಗುವ ಮೂತ್ರ ಸೋರಿಕೆ, ಮತ್ತು ಅದಕ್ಕೆ ಫಿಸಿಯೋಥೆರಪಿ.

ನಮ್ಮ ಮಾತು ಇಷ್ಟೇ. ಈ ಸೋರಿಕೆಗೆ ಮೊದಲ ಚಿಕಿತ್ಸೆ ಮಾತ್ರೆ ಅಲ್ಲ, ಡಯಪರ್ ಅಲ್ಲ, ಕಲಿತು ಮಾಡುವ ವ್ಯಾಯಾಮ. ಆಪರೇಷನ್‌ಗೆ ಲಕ್ಷಗಟ್ಟಲೆ ಖರ್ಚು ಮಾಡುವ ನಾವು, ಅರ್ಧ ಗಂಟೆ ಕೂತು ಇದನ್ನು ಕಲಿಯುವುದನ್ನು ಬಿಟ್ಟುಬಿಡುತ್ತೇವೆ. ಇದರಲ್ಲಿ ರೋಗಿಯ ತಪ್ಪು ಕಡಿಮೆ; ಅರ್ಧ ಚಿಕಿತ್ಸೆ ಊರಲ್ಲಿ, ಅರ್ಧ ಇಲ್ಲಿ ಎಂಬ ನಮ್ಮ ಗಲ್ಫ್ ಬದುಕಿನ ಪಾಲೇ ಹೆಚ್ಚು. ಈ ನಡುವಿನ ಕಂದಕವನ್ನು ಮುಚ್ಚುವ ಕೆಲಸ ನಮ್ಮ ಸಂಘಗಳಿಂದ ಆಗಬೇಕು.

ಕೌಂಟರಿನ ಈಚೆ ನಿಂತವರಿಗೆ ಕಾಣುವುದು ಹೀಗೆ. ಐವತ್ತು ದಾಟಿದವರೊಬ್ಬರು ಬರುತ್ತಾರೆ. ಬೇರೆ ಗಿರಾಕಿಗಳು ಹೋಗುವವರೆಗೆ ಟೂತ್‌ಪೇಸ್ಟ್ ನೋಡುತ್ತಾ ನಿಲ್ಲುತ್ತಾರೆ. ಆಮೇಲೆ ಮೆಲ್ಲಗೆ, "ತಂದೆಯವರಿಗೆ ದೊಡ್ಡವರ ಪ್ಯಾಡ್ ಬೇಕಿತ್ತು" ಎನ್ನುತ್ತಾರೆ. ತಂದೆಯವರು ಊರಲ್ಲಿದ್ದಾರೆ, ಇವರು ಇಲ್ಲಿ ಆರು ಜನರ ರೂಮಿನಲ್ಲಿ ಇದ್ದಾರೆ ಎಂದು ನಮಗೂ ಗೊತ್ತು. ನಾವು ಏನೂ ಕೇಳದೆ ಕೊಡುತ್ತೇವೆ. ಮುಂದಿನ ತಿಂಗಳು ಅವರೇ ಮತ್ತೆ ಬಂದು, "ಇದು ನಿಲ್ಲೋಕೆ ಒಂದು ಮಾತ್ರೆ ಇಲ್ವಾ ಸಾರ್?" ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರವಾಗಿಯೇ ಈ ಲೇಖನ.

ಏಕೆ ಸೋರುತ್ತದೆ?

ಪ್ರಾಸ್ಟೇಟ್ ಎಂಬುದು ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತಿಕೊಂಡಿರುವ ಸಣ್ಣ ಗ್ರಂಥಿ. ಮೂತ್ರ ತಡೆಯಲು ಗಂಡಸಿನ ದೇಹದಲ್ಲಿ ಮೇಲೊಂದು, ಕೆಳಗೊಂದು ಎಂದು ಎರಡು ಬಾಗಿಲುಗಳಿವೆ. ಮೇಲಿನದು ಮೂತ್ರಕೋಶದ ಕುತ್ತಿಗೆಯಲ್ಲಿ. ಅದು ತಾನಾಗಿಯೇ ಮುಚ್ಚಿಕೊಂಡಿರುತ್ತದೆ. ಕೆಳಗಿನದು ಪ್ರಾಸ್ಟೇಟಿನ ಕೆಳಗೆ. ಅದನ್ನು ನಾವು ಬೇಕೆಂದಾಗ ಬಿಗಿ ಹಿಡಿಯಬಹುದು. ಕ್ಯಾನ್ಸರ್ ಆಗಿ ಇಡೀ ಪ್ರಾಸ್ಟೇಟ್ ತೆಗೆದಾಗ ಮೇಲಿನ ಬಾಗಿಲಿಗೆ ಪೆಟ್ಟು ಬೀಳುತ್ತದೆ. ಅಲ್ಲಿಯವರೆಗೆ ಸಹಾಯಕ್ಕೆ ಇದ್ದ ಕೆಳಗಿನ ಬಾಗಿಲು ಒಮ್ಮೆಲೇ ಪೂರ್ತಿ ಭಾರ ಹೊರಬೇಕು. ಅದಕ್ಕೆ ಅಭ್ಯಾಸವಿಲ್ಲ. ಕೆಮ್ಮಿದರೆ, ಸೀನಿದರೆ, ಚೀಲ ಎತ್ತಿದರೆ, ಕುರ್ಚಿಯಿಂದ ಎದ್ದರೆ ಹನಿ ಬೀಳುತ್ತದೆ. ಬೆಳಿಗ್ಗೆ ಚೆನ್ನಾಗಿದ್ದವರಿಗೂ ಸಂಜೆ ಹೊತ್ತಿಗೆ ಜಾಸ್ತಿ ಆಗುತ್ತದೆ, ಏಕೆಂದರೆ ದಿನವಿಡೀ ದುಡಿದ ಆ ಸ್ನಾಯು ದಣಿದಿರುತ್ತದೆ.

ಕ್ಯಾನ್ಸರ್ ಅಲ್ಲದ, ವಯಸ್ಸಿಗೆ ಬರುವ ಪ್ರಾಸ್ಟೇಟ್ ಊತಕ್ಕೆ ಮಾಡುವುದು ಸಾಮಾನ್ಯವಾಗಿ ಟಿ.ಯು.ಆರ್.ಪಿ. ನಾಳದ ಮೂಲಕ ಉಪಕರಣ ಹಾಕಿ ಒಳಗಿನ ಬೆಳೆದ ಭಾಗವನ್ನು ಮಾತ್ರ ಕೆರೆದು ತೆಗೆಯುತ್ತಾರೆ. ಇಲ್ಲಿ ಕೆಳಗಿನ ಬಾಗಿಲನ್ನು ಮುಟ್ಟುವುದಿಲ್ಲವಾದ್ದರಿಂದ, ಕೆಮ್ಮಿದಾಗ ಸೋರುವ ತೊಂದರೆ ಕಾಯಂ ಆಗಿ ಉಳಿಯುವುದು ವಿರಳ. ಆದರೆ ಕೆಲವು ವಾರ ತಡೆಯಲಾಗದಂಥ ಅವಸರ, ಬಾತ್‌ರೂಮ್ ಮುಟ್ಟುವಷ್ಟರಲ್ಲಿ ಒದ್ದೆಯಾಗುವುದು ಇರಬಹುದು. ಸೋರಿಕೆ ಎರಡು ಬಗೆ, ಎರಡಕ್ಕೂ ಉಪಾಯ ಬೇರೆ. ನಿಮ್ಮದು ಯಾವುದು ಎಂದು ಯೂರಾಲಜಿಸ್ಟ್ ಹೇಳಬೇಕು, ಪಕ್ಕದ ಬೆಡ್ಡಿನವರಲ್ಲ.

ಸಮಾಧಾನದ ಮಾತೂ ಇದೆ. ಕ್ಯಾನ್ಸರ್ ಆಪರೇಷನ್ ಆದವರಲ್ಲಿ ಬಹಳ ಜನರಿಗೆ ಮೊದಲ ವಾರಗಳಲ್ಲಿ ಸೋರುತ್ತದೆ, ತಿಂಗಳು ಕಳೆದಂತೆ ಕಡಿಮೆಯಾಗುತ್ತದೆ, ಹೆಚ್ಚಿನವರು ವರ್ಷದೊಳಗೆ ಸುಧಾರಿಸುತ್ತಾರೆ. ಇದನ್ನು ಆಪರೇಷನ್‌ಗೆ ಮೊದಲೇ ಹೇಳಿದ್ದರೆ ರೋಗಿ ಧೈರ್ಯವಾಗಿರುತ್ತಾನೆ. ಯಾರೂ ಹೇಳದಿದ್ದರೆ, "ನನ್ನ ಕಥೆ ಮುಗಿಯಿತು" ಎಂದುಕೊಳ್ಳುತ್ತಾನೆ.

ನಲವತ್ತೈದು ದಿನದ ರಜೆ

ನಮ್ಮವರಲ್ಲಿ ಬಹಳಷ್ಟು ಜನ ಆಪರೇಷನ್‌ಗೆ ಊರಿಗೇ ಹೋಗುತ್ತಾರೆ. ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಬೆಂಗಳೂರು. ಖರ್ಚು ಕಡಿಮೆ, ನೋಡಿಕೊಳ್ಳಲು ಹೆಂಡತಿ ಮಕ್ಕಳಿದ್ದಾರೆ, ಡಾಕ್ಟರು ನಮ್ಮ ಭಾಷೆ ಮಾತಾಡುತ್ತಾರೆ. ಸರಿಯಾದ ತೀರ್ಮಾನವೇ. ಆದರೆ ಲೆಕ್ಕ ಹಾಕಿ ನೋಡಿ. ಪರೀಕ್ಷೆಗಳಿಗೆ ಹತ್ತು ದಿನ. ಆಪರೇಷನ್, ಆಸ್ಪತ್ರೆ ವಾಸ ಸೇರಿ ಒಂದು ವಾರ. ಕ್ಯಾಥೆಟರ್ ಒಂದರಿಂದ ಎರಡು ವಾರ. ಅದನ್ನು ತೆಗೆದ ದಿನದಿಂದಲೇ ಸೋರಿಕೆ ಶುರು. ಅದು ಅತಿ ಹೆಚ್ಚು ಇರುವ ಹೊತ್ತಿಗೆ ರಜೆ ಮುಗಿದು ವಿಮಾನ ಹತ್ತುವ ದಿನ ಬಂದಿರುತ್ತದೆ.

ಡಿಸ್ಚಾರ್ಜ್ ಕಾರ್ಡಿನ ಕೊನೆಯಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಇರುತ್ತದೆ: ಪೆಲ್ವಿಕ್ ಫ್ಲೋರ್ ವ್ಯಾಯಾಮ ಮಾಡಬೇಕು ಎಂದು. ಹೇಗೆ, ಎಷ್ಟು, ಯಾವಾಗ ಎಂದು ಇರುವುದಿಲ್ಲ. ಊರಿನ ಡಾಕ್ಟರು ಮೂರು ತಿಂಗಳು ಬಿಟ್ಟು ಬನ್ನಿ ಎಂದಿರುತ್ತಾರೆ. ಮೂರು ತಿಂಗಳಿಗೆ ಊರಿಗೆ ಹೋಗಲು ಯಾವ ಕಂಪನಿ ರಜೆ ಕೊಡುತ್ತದೆ? ಇಲ್ಲಿಯ ಡಾಕ್ಟರ ಬಳಿ ಹೋದರೆ ಫೈಲ್ ಹೊಸದು, ಕಾರ್ಡ್ ಹೊಸದು. ಹೀಗೆ ಎರಡು ದೇಶಗಳ ನಡುವೆ ಆ ಒಂದು ಸಾಲು ಕಳೆದುಹೋಗುತ್ತದೆ.

ಆಮೇಲೆ ರೋಗಿ ತನ್ನದೇ ಚಿಕಿತ್ಸೆ ಶುರು ಮಾಡುತ್ತಾನೆ. ಅದರ ಹೆಸರು ನೀರು ಕುಡಿಯದಿರುವುದು. ನಮಗೆ ಪರಿಚಯದ ಸ್ಟೋರ್‌ಕೀಪರ್ ಒಬ್ಬರು ಬೆಳಿಗ್ಗೆ ಐದರಿಂದ ಸಂಜೆ ಕ್ಯಾಂಪಿಗೆ ಮರಳುವವರೆಗೆ ಎರಡು ಲೋಟ ನೀರಿನ ಮೇಲೆ ತಿಂಗಳುಗಟ್ಟಲೆ ದಿನ ತಳ್ಳಿದರು. ಬೇಸಿಗೆಯಲ್ಲಿ ಕಿಡ್ನಿ ಕಲ್ಲಿನ ನೋವಿನಿಂದ ಎಮರ್ಜೆನ್ಸಿಗೆ ಬಂದಾಗಲೇ ಒಳಗಿನ ವಿಷಯ ಹೊರಬಂದದ್ದು. ಫಿಸಿಯೋಥೆರಪಿಸ್ಟ್ ನಾಲ್ಕು ಬಾರಿ ಕೂರಿಸಿ ಹೇಳಿಕೊಟ್ಟರು. ದಿನಕ್ಕೆ ನಾಲ್ಕು ಪ್ಯಾಡ್ ಬಳಸುತ್ತಿದ್ದವರು ಮೂರು ತಿಂಗಳಲ್ಲಿ ಒಂದಕ್ಕೆ ಬಂದರು. ಆ ನಾಲ್ಕು ಭೇಟಿ ಎಂಟು ತಿಂಗಳ ಹಿಂದೆಯೇ ಆಗಬಹುದಿತ್ತು.

ನೀರು ಕಡಿಮೆ ಮಾಡಿದರೆ ಸೋರಿಕೆಯೂ ವಾಸಿಯಾಗುವುದಿಲ್ಲ. ಗಾಢವಾದ ಮೂತ್ರ ಮೂತ್ರಕೋಶವನ್ನು ಕೆರಳಿಸಿ ಅವಸರವನ್ನು ಹೆಚ್ಚಿಸುತ್ತದೆ. ಮಲಬದ್ಧತೆ ಬರುತ್ತದೆ, ಮುಕ್ಕಿದಾಗ ಅದೇ ಸ್ನಾಯುಗಳ ಮೇಲೆ ಒತ್ತಡ ಬೀಳುತ್ತದೆ. ಗಲ್ಫ್ ಬಿಸಿಲಿನಲ್ಲಿ ಹೊರಗೆ ದುಡಿಯುವವನಿಗೆ ಇದು ಪ್ರಾಣಕ್ಕೇ ಅಪಾಯ. ಕಡಿಮೆ ಮಾಡಬೇಕಾದದ್ದು ನೀರನ್ನಲ್ಲ, ಕಡಕ್ ಚಹಾವನ್ನು. ದಿನಕ್ಕೆ ಆರೇಳು ಕಪ್ ಕಡಕ್, ನಡುವೆ ಸುಲೈಮಾನಿ, ರಾತ್ರಿ ಕೋಲಾ ಎಂದರೆ ಮೂತ್ರಕೋಶ ಸುಮ್ಮನಿರುವುದಾದರೂ ಹೇಗೆ?

ಮಾತ್ರೆಯ ಬಗ್ಗೆ

ನಾವು ಡಾಕ್ಟರಲ್ಲ, ಔಷಧ ಕೊಡುವವರು. ಆದ್ದರಿಂದ ಮಾತ್ರೆಯ ವಿಷಯ ಸ್ವಲ್ಪ ಬಿಡಿಸಿ ಹೇಳುವುದು ನಮ್ಮ ಕರ್ತವ್ಯ.

ಆಕ್ಸಿಬ್ಯುಟಿನಿನ್, ಟಾಲ್ಟೆರೋಡಿನ್, ಸಾಲಿಫೆನಾಸಿನ್ ಎಂಬ ಮಾತ್ರೆಗಳಿವೆ. ಇವು ಅವಸರದ ಸೋರಿಕೆಗೆ. ಬಾಗಿಲಿನ ಸ್ನಾಯು ದುರ್ಬಲವಾಗಿ ಕೆಮ್ಮಿದಾಗ ಸೋರುವುದನ್ನು ಇವು ನಿಲ್ಲಿಸುವುದಿಲ್ಲ. ರೂಮ್‌ಮೇಟ್‌ಗೆ ಕೊಟ್ಟದ್ದನ್ನು ಕೇಳಿ ತೆಗೆದುಕೊಳ್ಳುವವರು ಇನ್ನೊಂದು ಮಾತು ತಿಳಿಯಬೇಕು. ಈ ಗುಂಪಿನ ಮಾತ್ರೆಗಳು ಬಾಯಿ ಒಣಗಿಸುತ್ತವೆ, ಮಲಬದ್ಧತೆ ತರುತ್ತವೆ, ಬೆವರುವುದನ್ನು ಕಡಿಮೆ ಮಾಡುತ್ತವೆ. ಜುಲೈ ತಿಂಗಳಲ್ಲಿ ಸೈಟಿನಲ್ಲಿ ನಿಂತವನಿಗೆ ಬೆವರೇ ರಕ್ಷಣೆ. ಅದು ನಿಂತರೆ ಹೀಟ್ ಸ್ಟ್ರೋಕ್ ಆಗಬಹುದು. ಹೊರಗೆ ಕೆಲಸ ಮಾಡುತ್ತೇನೆ ಎಂದು ಡಾಕ್ಟರಿಗೆ ಹೇಳಿಯೇ ಇವನ್ನು ಶುರು ಮಾಡಬೇಕು. ಡ್ಯುಲಾಕ್ಸೆಟಿನ್ ಎಂಬ ಮಾತ್ರೆಯನ್ನು ಕೆಲವು ಡಾಕ್ಟರುಗಳು ಕೆಮ್ಮಿದಾಗ ಆಗುವ ಸೋರಿಕೆಗೂ ಕೊಡುವುದುಂಟು. ಅದು ಮೂಲತಃ ಖಿನ್ನತೆಯ ಔಷಧ. ವಾಕರಿಕೆ, ಸುಸ್ತು ಬರಬಹುದು, ತಟ್ಟನೆ ನಿಲ್ಲಿಸುವಂತಿಲ್ಲ. ವ್ಯಾಯಾಮದ ಜಾಗಕ್ಕೆ ಅದು ಬರುವುದಿಲ್ಲ.

ಬೇರೆ ಕಾಯಿಲೆಗೆ ತೆಗೆದುಕೊಳ್ಳುವ ಮಾತ್ರೆಗಳೂ ಇಲ್ಲಿ ಕೈ ಹಾಕುತ್ತವೆ. ಬಿ.ಪಿ.ಗೆ ಕೊಡುವ ರಾಮಿಪ್ರಿಲ್, ಎನಾಲಪ್ರಿಲ್‌ನಿಂದ ಕೆಲವರಿಗೆ ಒಣ ಕೆಮ್ಮು ಬರುತ್ತದೆ. ಪ್ರತಿ ಕೆಮ್ಮಿಗೂ ಒಂದು ಹನಿ. ಫ್ರುಸೆಮೈಡ್‌ನಂಥ ನೀರಿನ ಮಾತ್ರೆ, ಸಕ್ಕರೆ ಕಾಯಿಲೆಯ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮೂತ್ರವನ್ನು ಹೆಚ್ಚಿಸುತ್ತವೆ. ಆಪರೇಷನ್‌ಗೆ ಮೊದಲು ತೆಗೆದುಕೊಳ್ಳುತ್ತಿದ್ದ ಟ್ಯಾಮ್ಸುಲೋಸಿನ್ ಕೆಲಸವೇ ಮೂತ್ರದ ದಾರಿಯನ್ನು ಸಡಿಲಿಸುವುದು. ಅದನ್ನು ಈಗಲೂ ಮುಂದುವರಿಸಬೇಕೇ ಎಂದು ಕೇಳುವುದು ಒಳ್ಳೆಯದು. ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ. ನಿಮ್ಮ ಎಲ್ಲ ಮಾತ್ರೆಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಫಾರ್ಮಸಿಗೆ ತನ್ನಿ. ನೋಡಿ, ಡಾಕ್ಟರಿಗೆ ಏನು ಕೇಳಬೇಕೆಂದು ಬರೆದುಕೊಡುತ್ತೇವೆ. ಅದಕ್ಕೆ ದುಡ್ಡಿಲ್ಲ.

ವ್ಯಾಯಾಮ ಹೇಗೆ?

ಸ್ನಾಯುವನ್ನು ಕಂಡುಕೊಳ್ಳುವುದೇ ಇಲ್ಲಿ ಮುಖ್ಯ. ಚಳಿಗಾಲದ ಬೆಳಿಗ್ಗೆ ಹೊಳೆಗೆ ಇಳಿದು ತಣ್ಣೀರು ಸೊಂಟ ಮುಟ್ಟಿದಾಗ ಮುಂಭಾಗವೆಲ್ಲ ತಾನಾಗಿ ಒಳಸೇರುತ್ತದಲ್ಲ, ಆ ಭಾವನೆ ತಂದುಕೊಳ್ಳಿ. ಅಂಗವನ್ನು ಒಳಕ್ಕೆ ಎಳೆದುಕೊಳ್ಳುವಂತೆ, ಹರಿಯುವ ಮೂತ್ರವನ್ನು ತಡೆಯುವಂತೆ ಬಿಗಿ ಮಾಡಿ. ತೊಡೆ, ಪೃಷ್ಠ, ಹೊಟ್ಟೆ ಬಿಗಿಯಾಗಬಾರದು. ಉಸಿರು ಹಿಡಿಯಬಾರದು. ಯೋಗ ಬಲ್ಲವರು ಇದು ಮೂಲಬಂಧವಲ್ಲವೇ ಎನ್ನಬಹುದು. ಹತ್ತಿರದ್ದೇ. ಆದರೆ ಅಭ್ಯಾಸದಲ್ಲಿ ಹೆಚ್ಚಿನವರು ಹಿಂಭಾಗದ ಗುದವನ್ನಷ್ಟೇ ಬಿಗಿಯುತ್ತಾರೆ. ಮೂತ್ರದ ಬಾಗಿಲಿಗೆ ಬೇಕಾದದ್ದು ಮುಂಭಾಗದ ಬಿಗಿ. ಆಸ್ಟ್ರೇಲಿಯಾದ ಸಂಶೋಧಕರು ಅಲ್ಟ್ರಾಸೌಂಡ್ ಇಟ್ಟು ನೋಡಿದಾಗಲೂ "ಅಂಗವನ್ನು ಒಳಕ್ಕೆಳೆದುಕೊಳ್ಳಿ" ಎಂಬ ಸೂಚನೆಗೇ ಆ ಸ್ನಾಯು ಹೆಚ್ಚು ಚೆನ್ನಾಗಿ ಸ್ಪಂದಿಸಿತು. ಒಂದು ಮಾತಿನ ವ್ಯತ್ಯಾಸದಿಂದ ವ್ಯಾಯಾಮವೇ ಬೇರೆಯಾಗುತ್ತದೆ. ಕಾಗದ ಓದಿ ಮಾಡುವುದಕ್ಕೂ ಬಲ್ಲವರ ಮುಂದೆ ಮಾಡುವುದಕ್ಕೂ ಇರುವ ಅಂತರ ಇದು.

ಸಾಮಾನ್ಯವಾಗಿ ಹೇಳಿಕೊಡುವುದು ಹೀಗೆ. ಕೆಲವು ಸೆಕೆಂಡು ಬಿಗಿ ಹಿಡಿಯುವುದು, ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡುವುದು. ವಾರ ಕಳೆದಂತೆ ಹತ್ತು ಸೆಕೆಂಡಿನವರೆಗೆ ಏರಿಸುವುದು. ಹತ್ತು ಸಲ ಹೀಗೆ, ಜೊತೆಗೆ ಕೆಲವು ಸಲ ಬೇಗಬೇಗ ಬಿಗಿದು ಬಿಡುವುದು. ದಿನಕ್ಕೆ ಮೂರು ಹೊತ್ತು: ಮೊದಲು ಮಲಗಿ, ಆಮೇಲೆ ಕೂತು, ಕೊನೆಗೆ ನಿಂತು. ಇದಕ್ಕಿಂತ ಮುಖ್ಯವಾದದ್ದು, ಕೆಮ್ಮುವ, ಸೀನುವ, ಏಳುವ, ಭಾರ ಎತ್ತುವ ಕ್ಷಣಕ್ಕೆ ಸ್ವಲ್ಪ ಮೊದಲೇ ಬಿಗಿ ಹಿಡಿಯುವ ಅಭ್ಯಾಸ. ಕ್ಯಾಥೆಟರ್ ಇರುವಾಗ ವ್ಯಾಯಾಮ ಬೇಡ. ಸ್ನಾಯು ಯಾವುದೆಂದು ತಿಳಿಯಲು ಒಮ್ಮೆ ಮೂತ್ರವನ್ನು ಅರ್ಧಕ್ಕೆ ತಡೆದು ನೋಡಬಹುದು, ಅದನ್ನೇ ದಿನವೂ ಮಾಡಬಾರದು. ನೂರಾರು ಸಲ ಮಾಡಿದರೆ ಬೇಗ ವಾಸಿ ಎಂಬುದೂ ಸುಳ್ಳು. ದಣಿದ ಸ್ನಾಯು ಇನ್ನಷ್ಟು ಸೋರುತ್ತದೆ. ಫಲ ಕಾಣಲು ಆರರಿಂದ ಹನ್ನೆರಡು ವಾರ ಬೇಕು.

ಅಧ್ಯಯನಗಳು ಏನನ್ನುತ್ತವೆ?

ಇಲ್ಲಿ ಪ್ರಾಮಾಣಿಕವಾಗಿ ಹೇಳಬೇಕು: ಅಧ್ಯಯನಗಳೆಲ್ಲ ಒಂದೇ ಮಾತು ಹೇಳುವುದಿಲ್ಲ. 2000ದಲ್ಲಿ ಬೆಲ್ಜಿಯಂನ ಲ್ಯೂವೆನ್‌ನಲ್ಲಿ 102 ಜನರ ಮೇಲೆ ನಡೆದ ಅಧ್ಯಯನದಲ್ಲಿ, ವ್ಯಾಯಾಮ ಕಲಿತ ಗುಂಪಿನ 88% ಮಂದಿಗೆ ಮೂರು ತಿಂಗಳಲ್ಲಿ ಸೋರಿಕೆ ನಿಂತಿತ್ತು; ಇನ್ನೊಂದು ಗುಂಪಿನಲ್ಲಿ 56%. ಅಮೆರಿಕದಲ್ಲಿ 2011ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಆಸಕ್ತಿಯದು. ಆಪರೇಷನ್ ಆಗಿ ವರ್ಷ ದಾಟಿದ ಮೇಲೂ ಸೋರುತ್ತಿದ್ದ 208 ಗಂಡಸರಲ್ಲಿ, ಎಂಟು ವಾರದ ವ್ಯಾಯಾಮ ಮತ್ತು ಅಭ್ಯಾಸ ಬದಲಾವಣೆಯಿಂದ ಸೋರಿಕೆಯ ಪ್ರಸಂಗಗಳು 55% ಕಡಿಮೆಯಾದವು. ಏನೂ ಕಲಿಯದವರಲ್ಲಿ 24%. ವಿದ್ಯುತ್ ಪ್ರಚೋದನೆ, ಬಯೋಫೀಡ್‌ಬ್ಯಾಕ್ ಸೇರಿಸಿದರೂ ಅದಕ್ಕಿಂತ ಹೆಚ್ಚಿನ ಲಾಭ ಸಿಗಲಿಲ್ಲ. ತಡವಾಯಿತು ಎಂದು ಕೈ ಚೆಲ್ಲಬೇಕಿಲ್ಲ, ದುಬಾರಿ ಮೆಷಿನ್ ಪ್ಯಾಕೇಜಿಗೆ ಸಾಲ ಮಾಡಬೇಕಾಗಿಯೂ ಇಲ್ಲ ಎಂಬ ಎರಡೂ ಮಾತು ಇದರಲ್ಲಿದೆ.

ಆದರೆ ಅದೇ 2011ರಲ್ಲಿ ಬ್ರಿಟನ್ನಿನ ದೊಡ್ಡ ಅಧ್ಯಯನವೊಂದು ಬೇರೆ ಮಾತು ಹೇಳಿತು. ಮೂರು ತಿಂಗಳಲ್ಲಿ ನಾಲ್ಕು ಬಾರಿ ಒಬ್ಬೊಬ್ಬರನ್ನೇ ಕೂರಿಸಿ ಕಲಿಸಿದ ಗುಂಪಿಗೂ, ಸಾಮಾನ್ಯ ಆರೈಕೆ ಮತ್ತು ಸಲಹೆಯ ಕರಪತ್ರ ಪಡೆದ ಗುಂಪಿಗೂ ವರ್ಷದ ಕೊನೆಗೆ ವ್ಯತ್ಯಾಸ ಕಾಣಲಿಲ್ಲ. ಪ್ರಾಸ್ಟೇಟ್ ಪೂರ್ತಿ ತೆಗೆದವರಲ್ಲಿ ಒಂದು ಕಡೆ 76%, ಇನ್ನೊಂದು ಕಡೆ 77% ಜನರಿಗೆ ಸ್ವಲ್ಪವಾದರೂ ಸೋರಿಕೆ ಉಳಿದಿತ್ತು. ಫಿಸಿಯೋಥೆರಪಿ ದಂಡ ಎನ್ನುವವರು ಇದನ್ನೇ ತೋರಿಸುತ್ತಾರೆ.

ನಾವು ಇದನ್ನು ಹೀಗೆ ಓದುತ್ತೇವೆ. ಅಲ್ಲಿ ಹೋಲಿಸಿದ್ದು ಆರೈಕೆ ಸಿಕ್ಕ ಎರಡು ಗುಂಪುಗಳನ್ನು. ಆ ವ್ಯವಸ್ಥೆಯಲ್ಲಿ "ಏನೂ ಸಿಗದವನಿಗೂ" ವಿಚಾರಿಸಲು ಒಬ್ಬ ಡಾಕ್ಟರು, ಓದಲು ತನ್ನ ಭಾಷೆಯ ಕಾಗದ ಇತ್ತು. ನಮ್ಮ ಡ್ರೈವರಣ್ಣನಿಗೆ, ನಮ್ಮ ಕೆಫೆಟೇರಿಯಾದ ಕಾಕನಿಗೆ ಅದೂ ಇಲ್ಲ. ಫಿಸಿಯೋಥೆರಪಿ ಎಲ್ಲರನ್ನೂ ಪೂರ್ತಿ ಒಣಗಿಸುತ್ತದೆ ಎಂದು ಹೇಳಿದರೆ ಅದು ಸುಳ್ಳು ಭರವಸೆ. ಬೇಗ ಹಿಡಿತ ಸಿಗಲು ಸಹಾಯ ಮಾಡುತ್ತದೆ, ಅಪಾಯ ಇಲ್ಲ, ಖರ್ಚು ಅಲ್ಪ ಎಂಬುದು ಸತ್ಯ. ಕ್ಯಾಥೆಟರ್ ತೆಗೆದ ಕೂಡಲೇ ಈ ವ್ಯಾಯಾಮ ಹೇಳಿಕೊಡಬೇಕು ಎಂದು ಅಮೆರಿಕದ ಯೂರಾಲಜಿಸ್ಟರ ಸಂಘದ ಮಾರ್ಗಸೂಚಿಯೂ ಹೇಳುತ್ತದೆ. ಆರು ತಿಂಗಳಾದರೂ ಸುಧಾರಣೆ ಇಲ್ಲದಿದ್ದರೆ ಸ್ಲಿಂಗ್, ಕೃತಕ ಸ್ಫಿಂಕ್ಟರ್‌ನಂಥ ಆಪರೇಷನ್‌ಗಳ ಬಗ್ಗೆ ಮಾತಾಡಬಹುದು. ಜ್ವರ, ರಕ್ತದ ಗಡ್ಡೆ, ಮೂತ್ರ ಕಟ್ಟುವುದು, ಧಾರೆ ದಿನೇದಿನೇ ಸಣ್ಣದಾಗುವುದು ಕಂಡರೆ ವ್ಯಾಯಾಮ ಎಂದು ಕಾಯದೆ ಡಾಕ್ಟರ ಬಳಿ ಹೋಗಬೇಕು.

ಮರ್ಯಾದೆಯ ಪ್ರಶ್ನೆ

ಇಷ್ಟು ಸುಲಭವಿದ್ದರೆ ಯಾಕೆ ಹೋಗುವುದಿಲ್ಲ? ಮೊದಲ ಕಾರಣ ನಾಚಿಕೆ. ಎಷ್ಟೋ ಆಸ್ಪತ್ರೆಗಳಲ್ಲಿ ಈ ವ್ಯಾಯಾಮ ಕಲಿಸುವವರು ಹೆರಿಗೆಯಾದ ಹೆಂಗಸರನ್ನು ನೋಡುವ ವಿಭಾಗದಲ್ಲೇ ಇರುತ್ತಾರೆ. ಅಲ್ಲಿ ಬೆಂಚಿನ ಮೇಲೆ ಕೂರಲು ಗಂಡಸರಿಗೆ ಸಂಕೋಚ. ಗಂಡಸು ಫಿಸಿಯೋಥೆರಪಿಸ್ಟ್ ಬೇಕು ಎಂದು ಕೇಳಲು ನಿಮಗೆ ಹಕ್ಕಿದೆ. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಕೇಳಿ. ಬಟ್ಟೆಯ ಮೇಲಿನಿಂದಲೇ ಬಹಳಷ್ಟು ಕಲಿಸಬಹುದು.

ಇನ್ನೊಂದು, ಶುದ್ಧಿಯ ಚಿಂತೆ. ವುಜೂ ನಿಲ್ಲುವುದಿಲ್ಲ ಎಂದು ಮಸೀದಿಗೆ ಹೋಗುವುದನ್ನು ಬಿಟ್ಟವರಿದ್ದಾರೆ. ಮೈಲಿಗೆ ಎಂದು ರೂಮಿನ ದೇವರ ಫೋಟೋಗೆ ದೀಪ ಹಚ್ಚದವರೂ ಇದ್ದಾರೆ. ಇದು ಕಾಯಿಲೆ, ಪಾಪವಲ್ಲ. ಸತತ ಸೋರಿಕೆ ಇರುವವರಿಗೆ ಇಸ್ಲಾಮಿನಲ್ಲಿ ರಿಯಾಯಿತಿ ಇದೆ. ತಮ್ಮ ಉಸ್ತಾದರನ್ನು ಕೇಳಿದರೆ ವಿವರಿಸುತ್ತಾರೆ. ದೇಹದ ತೊಂದರೆಗೆ ದೇವರ ಬಾಗಿಲನ್ನು ನಾವೇ ಮುಚ್ಚಿಕೊಳ್ಳುವುದು ಬೇಡ.

ಮೂರನೆಯದು ಕೆಲಸ ಹೋಗುವ ಭಯ. ಇಲ್ಲಿ ಕಾನೂನು ತಿಳಿದಿರಬೇಕು. ಯು.ಎ.ಇ.ಯಲ್ಲಿ ಪ್ರೊಬೇಷನ್ ಮುಗಿದ ನೌಕರನಿಗೆ ವರ್ಷಕ್ಕೆ 90 ದಿನದವರೆಗೆ ಸಿಕ್ ಲೀವ್ ಇದೆ: ಮೊದಲ 15 ದಿನ ಪೂರ್ತಿ ಸಂಬಳ, ಮುಂದಿನ 30 ದಿನ ಅರ್ಧ, ಉಳಿದದ್ದು ಸಂಬಳವಿಲ್ಲದೆ. ಸೌದಿಯಲ್ಲಿ ಮೊದಲ 30 ದಿನ ಪೂರ್ತಿ, ಮುಂದಿನ 60 ದಿನ ಮುಕ್ಕಾಲು ಸಂಬಳ, ಆಮೇಲಿನ 30 ದಿನ ಸಂಬಳವಿಲ್ಲ. ಆಪರೇಷನ್ನಿಗೆ ವಾರ್ಷಿಕ ರಜೆಯನ್ನೆಲ್ಲ ಸುರಿಯುವ ಮೊದಲು ಎಚ್.ಆರ್. ಬಳಿ ಇದನ್ನು ವಿಚಾರಿಸಿ. ಊರಿನ ಆಸ್ಪತ್ರೆಯ ಪತ್ರಕ್ಕೆ ದೃಢೀಕರಣ ಬೇಕೇ ಎಂದೂ ಮೊದಲೇ ಕೇಳಿಡಿ. ಮರಳಿದ ಮೇಲೆ ಕೆಲವು ವಾರ ಭಾರ ಎತ್ತದ ಕೆಲಸ ಕೊಡಬೇಕು, ಬಾತ್‌ರೂಮಿಗೆ ಹೋಗಲು ಬಿಡಬೇಕು ಎಂದು ಡಾಕ್ಟರಿಂದ ಎರಡು ಸಾಲು ಬರೆಸಿಕೊಳ್ಳಿ. ಕಾಯಿಲೆಯ ಹೆಸರು ಫೋರ್‌ಮನ್‌ಗೆ ತಿಳಿಯಬೇಕಾಗಿಲ್ಲ.

ಇನ್ಶೂರೆನ್ಸ್ ವಿಷಯ. ಹಲವು ಅಗ್ಗದ ಪಾಲಿಸಿಗಳಲ್ಲಿ ಫಿಸಿಯೋಥೆರಪಿಗೆ ಮೊದಲೇ ಅಪ್ರೂವಲ್ ಬೇಕು, ವರ್ಷಕ್ಕೆ ಇಷ್ಟೇ ಸಲ ಎಂಬ ಮಿತಿಯೂ ಇರುತ್ತದೆ. ಆದರೆ ನಮಗೆ ಬೇಕಾದದ್ದು ಇಪ್ಪತ್ತು ಸಲವಲ್ಲ, ಮೂರೋ ನಾಲ್ಕೋ ಸಲ. ಸರಿಯಾಗಿ ಕಲಿತರೆ ಉಳಿದದ್ದು ಬಂಕ್ ಮಂಚದ ಮೇಲೆ ಕಂಬಳಿ ಹೊದ್ದು ಮಾಡಬಹುದಾದ ವ್ಯಾಯಾಮ, ಪಕ್ಕದವನಿಗೂ ಗೊತ್ತಾಗುವುದಿಲ್ಲ.

ಏನು ಮಾಡಬಹುದು?

ಆಪರೇಷನ್‌ಗೆ ಊರಿಗೆ ಹೋಗುವವರಿಗೆ ನಮ್ಮ ವಿನಂತಿ. ಆಪರೇಷನ್ನಿನ ಮೊದಲೇ ಒಮ್ಮೆ ಫಿಸಿಯೋಥೆರಪಿಸ್ಟರನ್ನು ಕಾಣಿ. ನೋವು, ಹೊಲಿಗೆ ಇಲ್ಲದ ಆ ದಿನಗಳಲ್ಲಿ ಸ್ನಾಯುವನ್ನು ಗುರುತಿಸುವುದು ಸುಲಭ. ಕ್ಯಾಥೆಟರ್ ತೆಗೆದ ವಾರ ಇನ್ನೊಮ್ಮೆ ಕಾಣಿ. ಯಾವ ಆಪರೇಷನ್, ಕ್ಯಾಥೆಟರ್ ಯಾವಾಗ ತೆಗೆದರು, ಯಾವ ವ್ಯಾಯಾಮ ಎಂಬುದನ್ನು ಒಂದು ಹಾಳೆಯಲ್ಲಿ ಬರೆಸಿಕೊಂಡು ಬನ್ನಿ. ಇಲ್ಲಿಗೆ ಬಂದ ಮೇಲೆ ದಿನಕ್ಕೆ ಎಷ್ಟು ಪ್ಯಾಡ್ ಬೇಕಾಯಿತು ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ತಿಂಗಳ ಕೊನೆಗೆ ಆ ಅಂಕಿ ಇಳಿದದ್ದು ಕಂಡರೆ ಅದಕ್ಕಿಂತ ಒಳ್ಳೆಯ ಟಾನಿಕ್ ಇಲ್ಲ. ಹೆಂಡತಿಯಿಂದ ಮುಚ್ಚಿಡಬೇಡಿ. ಊರಿನಿಂದ ಬರುವ ದಿನದ ಫೋನಿನಲ್ಲಿ "ವ್ಯಾಯಾಮ ಆಯ್ತಾ?" ಎಂದು ಕೇಳುವವರೊಬ್ಬರು ಇದ್ದರೆ ಅಭ್ಯಾಸ ತಪ್ಪುವುದಿಲ್ಲ.

ಸಂಘಕ್ಕೆ ನಮ್ಮ ಬೇಡಿಕೆ ದೊಡ್ಡದಲ್ಲ. ರಾಜ್ಯೋತ್ಸವಕ್ಕೆ, ರಕ್ತದಾನ ಶಿಬಿರಕ್ಕೆ ನೂರಾರು ಜನ ಸೇರಿಸುವ ಶಕ್ತಿ ನಮಗಿದೆ. ಪ್ರತಿ ವೈದ್ಯಕೀಯ ಶಿಬಿರದಲ್ಲಿ ಸಕ್ಕರೆ, ಬಿ.ಪಿ. ಮೇಜುಗಳ ಜೊತೆ, ಪರದೆಯ ಹಿಂದೆ ಇನ್ನೊಂದು ಮೇಜು ಇಡೋಣ. ಅಲ್ಲಿ ಕನ್ನಡ ಅಥವಾ ತುಳು, ಬ್ಯಾರಿ ಬಲ್ಲ ಗಂಡಸು ಫಿಸಿಯೋಥೆರಪಿಸ್ಟ್ ಒಬ್ಬರು ಕೂರಲಿ. ಮೇಜಿನ ಮೇಲೆ ಕಾಯಿಲೆಯ ಹೆಸರಿನ ಬೋರ್ಡ್ ಬೇಡ, "ಗಂಡಸರ ಆರೋಗ್ಯ" ಎಂದಿದ್ದರೆ ಸಾಕು. ವ್ಯಾಯಾಮದ ವಿವರ ಇರುವ ಒಂದು ಪುಟದ ಕನ್ನಡ ಕರಪತ್ರ ಅಚ್ಚು ಹಾಕಿಸೋಣ. ಓದಲು ಬಾರದವರಿಗೆ ಅದನ್ನೇ ಓದಿ ವಾಟ್ಸ್‌ಆ್ಯಪ್ ಧ್ವನಿ ಸಂದೇಶ ಮಾಡೋಣ. ಔಷಧಗಳ ಭಾಗವನ್ನು ಬರೆದುಕೊಡುವ ಜವಾಬ್ದಾರಿ ನಮ್ಮದು, ಬೇರೆ ಬೇರೆ ಆಸ್ಪತ್ರೆಗಳಲ್ಲಿರುವ ನಮ್ಮ ಫಾರ್ಮಸಿಸ್ಟ್ ಗೆಳೆಯರದು.

ಹನಿಹನಿಗೂಡಿದರೆ ಹಳ್ಳ ಎಂಬ ಗಾದೆಯನ್ನು ನಾವು ಉಳಿತಾಯಕ್ಕೆ ಹೇಳುತ್ತೇವೆ. ಮುಚ್ಚಿಟ್ಟ ಸಂಕಟಕ್ಕೂ ಅದು ಸಲ್ಲುತ್ತದೆ. ಇಪ್ಪತ್ತು ವರ್ಷ ಮರಳುಗಾಡಿನಲ್ಲಿ ದುಡಿದು ಮನೆ ಕಟ್ಟಿಸಿ, ಮಕ್ಕಳನ್ನು ಓದಿಸಿ, ಕ್ಯಾನ್ಸರನ್ನೂ ಗೆದ್ದು ಬಂದವನು, ಯಾರೂ ಹೇಳಿಕೊಡದ ಒಂದು ವ್ಯಾಯಾಮದ ಕೊರತೆಯಿಂದ ತಲೆ ತಗ್ಗಿಸಿ ಬದುಕಬಾರದು. ಮುಂದಿನ ಶಿಬಿರದ ದಿನಾಂಕ ನಿಗದಿಯಾಗುವಾಗ ಆ ಒಂದು ಮೇಜು, ಒಂದು ಪರದೆಯ ಲೆಕ್ಕವೂ ಬಜೆಟ್ಟಿನಲ್ಲಿ ಇರಲಿ.